ಒಂದೇ ಗುಡ್ಡದ ಮುಂದೆ ನಾಲ್ಕು ತಿಂಗಳು

ಛಾಯಾಗ್ರಹಣ ತರಗತಿಯ ಎರಡನೆಯ ವರ್ಷದಲ್ಲಿ ನಮಗೆ ಕೊಟ್ಟ ಕೆಲಸ ಹೇಳುವುದಕ್ಕೆ ಬಹಳ ಸರಳವಾಗಿತ್ತು: ಒಂದು ನಿಸರ್ಗದೃಶ್ಯವನ್ನು ಆರಿಸಿಕೊಂಡು, ಒಂದೇ ಲೆನ್ಸಿನಿಂದ, ನಾಲ್ಕು ತಿಂಗಳ ಕಾಲ ಅದನ್ನೇ ತೆಗೆಯಬೇಕು; ಕೊನೆಯಲ್ಲಿ ಹನ್ನೆರಡು ಚಿತ್ರಗಳನ್ನು ಮುದ್ರಿಸಿ ಗೋಡೆಗೆ ಹಚ್ಚಬೇಕು. ನಾನು ಆರಿಸಿಕೊಂಡದ್ದು ಒಂದು ಕೆರೆ. ಅದರ ಈಚೆ ದಡದಲ್ಲಿ ಚದುರಿಬಿದ್ದ ಬಂಡೆಗಳು, ಬಲಕ್ಕೆ ಒಂಟಿ ಮರ, ನೀರಿನಾಚೆ ಬೋಳು ಗುಡ್ಡ. ಮೊದಲ ವಾರ ಮುಗಿಯುವಷ್ಟರಲ್ಲಿ ಅಲ್ಲಿ ತೆಗೆಯುವುದಕ್ಕೆ ಇನ್ನೇನೂ ಉಳಿದಿಲ್ಲವೆಂದು ನನಗೆ ಅನ್ನಿಸಿತ್ತು. ಆ ಕೆಲಸವನ್ನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಎಂಬುದು ನಿಸರ್ಗಚಿತ್ರಗಳಿಗೆ ಈಗಷ್ಟೇ ಕೈಹಾಕಿರುವವರಿಗೆ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಾರದ ಚಿತ್ರಗಳಲ್ಲಿ ಪಾಠದ ಲೆಕ್ಕಕ್ಕೆ ತಪ್ಪೇನೂ ಇರಲಿಲ್ಲ. ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಮೂರು ಪಾಲು ಮಾಡಿ, ಆ ಗೆರೆಗಳ ಮೇಲೆ ಮುಖ್ಯವಾದುದನ್ನು ಇಡಬೇಕೆಂಬ ನಿಯಮವನ್ನು ಎಲ್ಲರಂತೆ ನಾನೂ ಕಲಿತಿದ್ದೆ; ಮರವನ್ನು ಬಲಗಡೆಯ ಗೆರೆಯ ಮೇಲೂ, ನೀರಿನ ಅಂಚನ್ನು ಮೇಲಿನ ಗೆರೆಯ ಮೇಲೂ ಕೂರಿಸಿದ್ದೆ. ಸೂರ್ಯ ಬೆನ್ನ ಹಿಂದೆ ಇರಬೇಕೆಂಬ ಹಳೆಯ ಉಪದೇಶವನ್ನೂ ಮೀರಿರಲಿಲ್ಲ. ಆದರೂ ಚಿತ್ರ ಸಪ್ಪೆಯಾಗಿತ್ತು. ಈ ನಿಯಮಕ್ಕೆ ‘ಮೂರನೆಯ ಪಾಲಿನ ನಿಯಮ’ (ರೂಲ್ ಆಫ್ ಥರ್ಡ್ಸ್) ಎಂಬ ಹೆಸರು ಕೊಟ್ಟು 1797ರಲ್ಲಿ ಬರೆದವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ. ಅವನು ಅದನ್ನು ನೆಲ, ನೀರು, ಆಕಾಶಗಳ ಹಂಚಿಕೆಗೆ ಹೇಗೋ ಹಾಗೆ ಬೆಳಕು ನೆರಳುಗಳ ಹಂಚಿಕೆಗೂ ಅನ್ವಯಿಸಿದ್ದನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಕ್ಯಾಮೆರಾದ ಪರದೆಯ ಮೇಲೆ ಮೂಡುವ ನಾಲ್ಕು ಗೆರೆಗಳಲ್ಲಿ ಆ ಎರಡನೆಯ ಅರ್ಧ ಬಿಟ್ಟುಹೋಗಿದೆ.

ಮುದ್ರಿಸಿದ ಮೊದಲ ಚಿತ್ರವನ್ನು ಅಧ್ಯಾಪಕರು ಕೈಗೆ ತೆಗೆದುಕೊಂಡು, ಏನೂ ಹೇಳದೆ, ತಲೆಕೆಳಗು ಮಾಡಿ ಮೇಜಿನ ಮೇಲಿಟ್ಟರು. “ಈಗ ಕಣ್ಣು ಎಲ್ಲಿಗೆ ಹೋಗುತ್ತದೆ, ಹೇಳು” ಎಂದರು. ಮರ ಮರವಾಗಿ, ಗುಡ್ಡ ಗುಡ್ಡವಾಗಿ ಕಾಣದೇ ಹೋದಾಗ ಕಾಗದದ ಮೇಲೆ ಉಳಿಯುವುದು ಬಿಳಿ, ಕಪ್ಪು, ಬೂದು ತೇಪೆಗಳಷ್ಟೇ. ನನ್ನ ಕಣ್ಣು ನೇರವಾಗಿ ಹೋದದ್ದು ಆಕಾಶದ ಎಡ ಮೂಲೆಯಲ್ಲಿದ್ದ ಬೆಳ್ಳನೆಯ ತುಂಡಿಗೆ. ಮರ ಅದರ ಮುಂದೆ ಯಾರೂ ಗಮನಿಸದ ಒಂದು ಮಸುಕು ಕಲೆಯಾಗಿತ್ತು. “ಹಾಗಾದರೆ ಇದು ಮರದ ಚಿತ್ರವಲ್ಲಪ್ಪ, ಆ ಮೂಲೆಯ ಚಿತ್ರ” ಎಂದು ಹೇಳಿ ಕಾಗದವನ್ನು ವಾಪಸು ಕೊಟ್ಟರು. ಅಂದಿನಿಂದ ತೆಗೆದ ಪ್ರತಿಯೊಂದು ಚಿತ್ರವನ್ನೂ ನಾನು ಒಮ್ಮೆ ತಿರುಗಿಸಿ ನೋಡುತ್ತೇನೆ. ಹಿಂದಿನ ಕಾಲದ ದೊಡ್ಡ ಕ್ಯಾಮೆರಾಗಳ ಹಿಂಬದಿಯ ಗಾಜಿನ ಮೇಲೆ ದೃಶ್ಯ ತಲೆಕೆಳಗಾಗಿಯೇ ಮೂಡುತ್ತಿತ್ತು. ಅವುಗಳಲ್ಲಿ ಕೆಲಸ ಮಾಡಿದವರಿಗೆ ಈ ಅಭ್ಯಾಸ ಪುಕ್ಕಟೆಯಾಗಿ ದಕ್ಕಿತ್ತೆಂದು ನನ್ನ ಗುಮಾನಿ.

ಮರುವಾರ ಮಾಡಿದ ಪ್ರಯೋಗವೇ ನನ್ನ ಮಟ್ಟಿಗೆ ಇಡೀ ಕೆಲಸದ ಬೇರು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಟ್ರೈಪಾಡ್ ಊರಿ, ಚೌಕಟ್ಟನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಅದನ್ನು ಕೂದಲೆಳೆಯಷ್ಟೂ ಅಲುಗಿಸದೆ, ಹತ್ತು ನಿಮಿಷಕ್ಕೊಂದರಂತೆ ಎರಡೂವರೆ ಗಂಟೆಯವರೆಗೆ ಚಿತ್ರ ತೆಗೆಯುತ್ತಾ ಕುಳಿತೆ. ಮೊದಲ ಚಿತ್ರಕ್ಕೆ ಐಎಸ್‌ಒ 100 (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಅಳತೆ), ಎಫ್ 11ರಲ್ಲಿ (ಈ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ರಂಧ್ರ ಕಿರಿದು) ಎಂಟು ಸೆಕೆಂಡ್ ಬೇಕಾಯಿತು. ಆಗ ಬೆಳಕೆಲ್ಲ ಆಕಾಶದಿಂದಲೇ ಬರುತ್ತಿದ್ದುದರಿಂದ ನೆಲದ ಮೇಲೆ ನೆರಳೇ ಇರಲಿಲ್ಲ. ಗುಡ್ಡ, ದಡ ಎರಡೂ ಒಂದೇ ನೀಲಿಗಪ್ಪು ಪಟ್ಟಿಯಾಗಿ ಬೆರೆತಿದ್ದವು, ಆಕಾಶಕ್ಕೆ ಎದುರಾಗಿ ನಿಂತ ಮರವೊಂದೇ ಎದ್ದು ಕಾಣುತ್ತಿತ್ತು. ಅರ್ಧ ಗಂಟೆಯ ನಂತರ ಬಿಸಿಲು ಮೊದಲು ಗುಡ್ಡದ ನೆತ್ತಿಯನ್ನು ಮುಟ್ಟಿ ಮೆಲ್ಲನೆ ಕೆಳಗಿಳಿಯತೊಡಗಿತು. ಆಗಿನ ಚಿತ್ರದಲ್ಲಿ ಮರ ಇದ್ದೂ ಇಲ್ಲದಂತೆ. ಕಣ್ಣು ಕೆಂಪೇರಿದ ನೆತ್ತಿಯನ್ನು ಬಿಟ್ಟು ಕದಲುವುದಿಲ್ಲ. ಇನ್ನಿಪ್ಪತ್ತು ನಿಮಿಷಕ್ಕೆ ಬಿಸಿಲು ಎಡಗಡೆಯಿಂದ ಬಂಡೆಗಳ ಮೈಯನ್ನು ಸವರಿಕೊಂಡು ಹೋಗುವಂತೆ ಬಿದ್ದಾಗ, ಅಲ್ಲಿಯವರೆಗೆ ಬರಿಯ ಬೂದು ಮುದ್ದೆಗಳಾಗಿದ್ದ ಅವುಗಳ ಒಂದೊಂದು ಬಿರುಕೂ ತನ್ನದೇ ನೆರಳನ್ನು ಪಡೆಯಿತು, ಮುನ್ನೆಲೆಯೇ ಚಿತ್ರವಾಯಿತು. ಕೊನೆಯ ನಾಲ್ಕೈದು ಚಿತ್ರಗಳಲ್ಲಿ ಎಲ್ಲದರ ಮೇಲೂ ಒಂದೇ ಸಮನಾದ ಬೆಳಕು; ಕಣ್ಣಿಗೆ ನಿಲ್ಲಲು ಎಲ್ಲಿಯೂ ತಾವಿಲ್ಲ.

ಗೆರೆಗಳ ಲೆಕ್ಕದಲ್ಲಿ ಈ ಹದಿನಾರು ಚಿತ್ರಗಳ ಸಂಯೋಜನೆ ಒಂದೇ. ನೋಡುವವರ ಕಣ್ಣಿನ ಲೆಕ್ಕದಲ್ಲಿ ಅಲ್ಲಿ ಕನಿಷ್ಠ ನಾಲ್ಕು ಬೇರೆ ಸಂಯೋಜನೆಗಳಿದ್ದವು, ಮತ್ತು ಅವುಗಳಲ್ಲಿ ಮೂರಕ್ಕೆ ನಾನು ಊರಿದ ಚೌಕಟ್ಟು ತಪ್ಪಾಗಿತ್ತು. ಫ್ರೆಂಚ್ ವರ್ಣಚಿತ್ರಕಾರ ಕ್ಲೋದ್ ಮೊನೆ 1890-91ರಲ್ಲಿ ಅವೇ ಹುಲ್ಲಿನ ಬಣವೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಹವೆಯಲ್ಲಿ ಚಿತ್ರಿಸಿದ ಸರಣಿಯನ್ನು ತರಗತಿಯಲ್ಲಿ ತೋರಿಸಿದ್ದಾಗ ಆಕಳಿಸಿದ್ದೆನೆಂಬುದು ಈಗ ನಾಚಿಕೆಯ ನೆನಪು.

ಅಲ್ಲಿಂದ ಮುಂದೆ ನನ್ನ ಕ್ರಮವನ್ನು ತಿರುವುಮುರುವು ಮಾಡಿಕೊಂಡೆ. ಹೋದಕೂಡಲೇ ಕ್ಯಾಮೆರಾ ತೆಗೆಯದೆ, ಮೊದಲು ಬೆಳಕು ಎತ್ತಣಿಂದ ಬರುತ್ತಿದೆ, ಯಾವುದರ ಮೇಲೆ ಬಿದ್ದಿದೆ, ಇನ್ನು ಹತ್ತು ನಿಮಿಷಕ್ಕೆ ಎಲ್ಲಿ ಬೀಳಲಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ನಿಲ್ಲುವ ಜಾಗವನ್ನು ಹುಡುಕತೊಡಗಿದೆ. ನೆರಳುಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಇದರಲ್ಲಿ ನನಗೆ ಹೆಚ್ಚು ದಕ್ಕಿದ ಪಾಠ. ಸೂರ್ಯ ದಿಗಂತದಿಂದ 5 ಡಿಗ್ರಿ ಮೇಲಿದ್ದಾಗ ಸಮತಟ್ಟಾದ ನೆಲದ ಮೇಲೆ ವಸ್ತುವಿನ ನೆರಳು ಅದರ ಎತ್ತರದ ಸುಮಾರು ಹನ್ನೊಂದು ಪಟ್ಟು ಇರುತ್ತದೆ. 10 ಡಿಗ್ರಿಗೆ ಬರುವಷ್ಟರಲ್ಲಿ ಅದು ಐದೂವರೆ ಪಟ್ಟಿನ ಆಸುಪಾಸಿಗೆ ಕುಗ್ಗುತ್ತದೆ, 45 ಡಿಗ್ರಿಯಲ್ಲಿ ವಸ್ತುವಿನಷ್ಟೇ ಆಗುತ್ತದೆ. ಅಂದರೆ ಆ ಮೊದಲ ಕೆಲವು ನಿಮಿಷಗಳಲ್ಲಿ ಮರಕ್ಕಿಂತ ಮರದ ನೆರಳೇ ದೊಡ್ಡ ವಸ್ತು. ಅದು ದಡದುದ್ದಕ್ಕೂ ಚಾಚಿಕೊಂಡು, ಕಣ್ಣನ್ನು ಮುನ್ನೆಲೆಯಿಂದ ಮರದ ಬುಡಕ್ಕೆ ಕರೆದೊಯ್ಯುವ ಗೆರೆಯಾಗುತ್ತದೆ. ಗೋಡೆಗೆ ಹಚ್ಚಿದ ಚಿತ್ರಗಳಲ್ಲಿ ಎರಡು ಈ ನೆರಳಿನವೇ, ಒಂದರಲ್ಲಿ ಮರ ಚೌಕಟ್ಟಿನೊಳಗೇ ಇಲ್ಲ.

ನಿಲ್ಲುವ ಜಾಗದ ವಿಷಯದಲ್ಲಿ ಎರಡು ತಪ್ಪುಗಳನ್ನು ಮತ್ತೆ ಮತ್ತೆ ಮಾಡಿದೆ. ನನ್ನ ಲೆನ್ಸ್ 18ರಿಂದ 55 ಮಿ.ಮೀ.ವರೆಗಿನದು: 18ರಲ್ಲಿ ನೋಟ ಅಗಲ, 55ರಲ್ಲಿ ಕಿರಿದು. ನಿಸರ್ಗದೃಶ್ಯವೆಂದರೆ ವಿಶಾಲವಾಗಿರಬೇಕೆಂದು ಭಾವಿಸಿ ಸದಾ 18ರಲ್ಲೇ ತೆಗೆಯುತ್ತಿದ್ದೆ. ಕಣ್ಣೆದುರು ಅಷ್ಟು ಗಂಭೀರವಾಗಿ ನಿಂತ ಗುಡ್ಡ ಚಿತ್ರದಲ್ಲಿ ಇರುವೆಗೂಡಿನಷ್ಟಾಗುತ್ತಿತ್ತು. ಮುನ್ನೂರು ಹೆಜ್ಜೆ ಹಿಂದೆ ಹೋಗಿ 55ರಲ್ಲಿ ತೆಗೆದಾಗ ಮರದ ಅಳತೆ ಹೆಚ್ಚುಕಡಿಮೆ ಹಾಗೆಯೇ ಉಳಿದು, ಗುಡ್ಡ ಅದರ ಬೆನ್ನ ಹಿಂದೆ ಎದ್ದು ನಿಂತಿತು. ದೂರದ್ದು ಮತ್ತು ಹತ್ತಿರದ್ದರ ನಡುವಿನ ಅನುಪಾತವನ್ನು ನಿರ್ಧರಿಸುವುದು ನಾವು ನಿಂತ ಜಾಗ. ಲೆನ್ಸ್ ಅದರಲ್ಲಿ ಎಷ್ಟನ್ನು ಕತ್ತರಿಸಿಕೊಳ್ಳಬೇಕೆಂದು ಹೇಳುತ್ತದೆಯಷ್ಟೇ. ಇನ್ನು 18ರಲ್ಲಿ ತೆಗೆಯುವುದಾದರೆ ಮೊಣಕಾಲೂರಿ ಬಂಡೆಯ ಹತ್ತಿರಕ್ಕೇ ಹೋಗಬೇಕು, ಆಗ ಮುನ್ನೆಲೆಗೊಂದು ಅರ್ಥ ಬರುತ್ತದೆ.

ಹಾಗೆ ಹತ್ತಿರ ಹೋದಾಗ ಬಂಡೆಯೂ ಗುಡ್ಡವೂ ಎರಡೂ ಸ್ಫುಟವಾಗಿ ಬರಲೆಂದು ನಾನು ಎಫ್ 22ಕ್ಕೆ ಓಡುತ್ತಿದ್ದೆ. ಅಷ್ಟು ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರವೇ ಮೆತ್ತಗಾಗುತ್ತಿತ್ತು. ನನ್ನ ಕ್ಯಾಮೆರಾದ ಎಪಿಎಸ್-ಸಿ ಅಳತೆಯ ಸೆನ್ಸರಿಗೆ (ಬೆಳಕನ್ನು ಚಿತ್ರವಾಗಿಸುವ ಫಲಕಕ್ಕೆ) ಲೆಕ್ಕ ಹಾಕಿದರೆ, 18 ಮಿ.ಮೀ., ಎಫ್ 11ರಲ್ಲಿ ಸುಮಾರು ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಸಾಕಷ್ಟು ಸ್ಫುಟವಾಗಿ ಬರುತ್ತದೆ. ಈ ಒಂದು ಸಂಖ್ಯೆಯನ್ನು ಟ್ರೈಪಾಡಿನ ಕಾಲಿಗೆ ಚೀಟಿ ಅಂಟಿಸಿ ಬರೆದಿಟ್ಟುಕೊಂಡೆ.

ಬೆಳಕಿನ ಅಳತೆಯಲ್ಲಿ ಕ್ಯಾಮೆರಾವನ್ನು ನಂಬಿ ಕೆಟ್ಟ ದಿನಗಳೂ ಇವೆ. ಮಂಜು ಕವಿದ ಒಂದು ಬೆಳಿಗ್ಗೆ ತೆಗೆದದ್ದೆಲ್ಲ ಬೂದಿ ಬಳಿದಂತೆ ಬಂತು. ಮೀಟರ್ ತನ್ನ ಮುಂದಿರುವುದೆಲ್ಲವೂ ನಡುಬೂದು ಬಣ್ಣದ್ದೆಂದೇ ತಿಳಿಯುತ್ತದೆ. ಬೆಳ್ಳನೆಯ ಮಂಜನ್ನು ಬೆಳ್ಳಗೆ ಉಳಿಸಬೇಕಾದರೆ ಒಂದರಿಂದ ಒಂದೂವರೆ ಸ್ಟಾಪ್‌ನಷ್ಟು ಹೆಚ್ಚಿನ ಬೆಳಕನ್ನು (ಒಂದು ಸ್ಟಾಪ್ ಎಂದರೆ ಇಮ್ಮಡಿ ಬೆಳಕು) ನಾವೇ ಕೊಡಬೇಕು. ಸೂರ್ಯೋದಯದ ಹೊಂಬಣ್ಣವನ್ನು, ಬೆಳಕಿನ ಬಣ್ಣವನ್ನು ತಾನಾಗಿಯೇ ಸರಿಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಒಂದು ದೋಷವೆಂದೇ ಭಾವಿಸಿ ಬಹುಪಾಲು ತೊಳೆದುಹಾಕುತ್ತದೆ. ಅದನ್ನು ಹಗಲುಬೆಳಕಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಕಟ್ಟಿಹಾಕಿದ ಮೇಲೆ ನಾನು ಕಂಡ ಬಣ್ಣವೇ ಚಿತ್ರಕ್ಕೂ ಬಂತು. ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸಿಕೊಳ್ಳುವ ರಾ ಕಡತಗಳಲ್ಲಿ ತೆಗೆಯುತ್ತಿದ್ದುದರಿಂದ ಹಳೆಯವನ್ನೂ ಸರಿಪಡಿಸಿಕೊಂಡೆ. ಹೊಳಪು ತಗ್ಗಿಸಿ ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಬಗ್ಗೆ ಒಂದೇ ಮಾತು: ಅದರ ಪ್ರಭಾವ ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶದ ಮೇಲೆ ಅತಿ ಹೆಚ್ಚು, ಆದ್ದರಿಂದ 18 ಮಿ.ಮೀ.ನ ಅಗಲವಾದ ನೋಟದಲ್ಲಿ ಆಕಾಶದ ನಡುವೆ ಒಂದು ಕಡುನೀಲಿ ಪಟ್ಟೆ ಬೀಳುತ್ತದೆ. ನಾನು ಅದನ್ನು ನೀರಿನ ಹೊಳಪು ತಗ್ಗಿಸುವುದಕ್ಕಷ್ಟೇ ಉಳಿಸಿಕೊಂಡೆ.

ನನಗೆ ತೃಪ್ತಿ ಕೊಟ್ಟ ಚಿತ್ರ ಸಿಕ್ಕಿದ್ದು ಮುಂಜಾನೆಯಲ್ಲೂ ಅಲ್ಲ, ಸಂಜೆಯಲ್ಲೂ ಅಲ್ಲ. ಮೂರನೆಯ ತಿಂಗಳ ಒಂದು ಮೋಡದ ಮಧ್ಯಾಹ್ನ, ಚಿತ್ರಕ್ಕೆ ಒದಗದ ಹೊತ್ತೆಂದು ಎಲ್ಲರೂ ಹೇಳುವ ವೇಳೆಯಲ್ಲಿ. ಮೋಡದ ಒಂದು ಕಿಂಡಿಯಿಂದ ಬಿದ್ದ ಬಿಸಿಲಿನ ತುಂಡೊಂದು ಗುಡ್ಡದ ಮೇಲೆ ಎಡದಿಂದ ಬಲಕ್ಕೆ ಸಾಗುತ್ತಿತ್ತು. ಎರಡು ಸಲ ಅದು ಹಾದುಹೋದ ದಾರಿಯನ್ನು ನೋಡಿಕೊಂಡು, ಅದು ಮರದ ಹಿಂದೆ ಬರುವ ಗಳಿಗೆಗೆ ಸರಿಯಾಗಿ ಚೌಕಟ್ಟನ್ನು ಹೊಂದಿಸಿ, ಎಕ್ಸ್‌ಪೋಷರನ್ನು ಆ ಬಿಸಿಲಿಗೇ ಅಳೆದು, ಉಳಿದದ್ದೆಲ್ಲ ಕಪ್ಪಾದರೆ ಆಗಲಿ ಎಂದು ನಿರ್ಧರಿಸಿ ಸುಮಾರು ಐವತ್ತು ನಿಮಿಷ ಕಾದೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆ್ಯಡಮ್ಸ್ 1941ರಲ್ಲಿ ಅಲ್ಲಿನ ಹೆರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಮೂಡಿದ ಚಂದ್ರನನ್ನು ತೆಗೆದಾಗ, ಎರಡನೆಯ ಬಾರಿ ತೆಗೆಯಲು ಅಣಿಯಾಗುವಷ್ಟರಲ್ಲಿ ಹಳ್ಳಿಯ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತಂತೆ. ನನಗೆ ಮೂರು ಚಿತ್ರಗಳಷ್ಟು ಬಿಡುವು ಸಿಕ್ಕಿತು. ಬಿಸಿಲಿನ ಹಿನ್ನೆಲೆಗೆ ಮರ ಕಪ್ಪಗೆ ಕೊರೆದಂತೆ ನಿಂತಿತು, ನೀರು ಸೀಸದ ಬಣ್ಣಕ್ಕೆ ತಿರುಗಿತು. ಆಕಾಶದ ಮೂಲೆಗಳು, ನನ್ನನ್ನು ಮೊದಲ ದಿನ ಸೋಲಿಸಿದ ಅವೇ ಮೂಲೆಗಳು, ತಾವಾಗಿಯೇ ಕತ್ತಲಿಗೆ ಸರಿದಿದ್ದವು.

ಅಧ್ಯಾಪಕರು ಗೋಡೆಯ ಮುಂದೆ ನಿಂತು ಒಂದೊಂದನ್ನೂ ಕುತ್ತಿಗೆ ವಾಲಿಸಿ ನೋಡಿದರು. ಈ ಚಿತ್ರದ ಬಗ್ಗೆ ಅವರು ಏನೂ ಹೇಳಲಿಲ್ಲ. ಪಕ್ಕದ್ದಕ್ಕೆ ಬಂದಾಗ ಮಾತ್ರ ಕೆಳಗಿನ ಎಡ ಅಂಚಿನತ್ತ ಬೆರಳು ತೋರಿದರು: ದಡದ ನೆರಳಿನಲ್ಲಿ ಒಂದು ಸಣ್ಣ ಬಿಳಿ ಕಲ್ಲು ಹೊಳೆಯುತ್ತಿತ್ತು. ತೆಗೆಯುವಾಗಲೂ ಮುದ್ರಿಸುವಾಗಲೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ; ಈಗ ಆ ಚಿತ್ರದಲ್ಲಿ ಅದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.