ಊರಾಚೆಯ ಸ್ಮಶಾನದ ಕಥೆಗಳನ್ನು ದಾಖಲಿಸುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಯಾರೂ ಕಾಲಿಡದ ಜಾಗವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಕೆರೆಯ ಹಿಂಬದಿಯ ಹೂಳುವ ಜಾಗವಾಗಿರಬಹುದು, ಹುಣಸೆ ತೋಪಿನ ಅಂಚಿನ ಹಳೆಯ ಗೋರಿಗಳಾಗಿರಬಹುದು. ಅಲ್ಲಿ ಕೊಳ್ಳಿದೆವ್ವ ಓಡಾಡುತ್ತದೆ, ಬೀಡಿಗೆ ಬೆಂಕಿ ಕೇಳುವ ಮುದುಕನಿಗೆ ಕಾಲೇ ಇರುವುದಿಲ್ಲ, ಗಾಳಿ ಸೋಕಿದವರು ಮೂರು ದಿನ ಜ್ವರದಲ್ಲಿ ಮಲಗುತ್ತಾರೆ ಎನ್ನುತ್ತಾರೆ. ಇಂತಹ ಕಥೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದೂ ತಪ್ಪು, ಹೆದರಿಸುವುದಕ್ಕಾಗಿ ಬಣ್ಣ ಕಟ್ಟಿ ಹೇಳುವುದೂ ತಪ್ಪು. ದೆವ್ವ ಯಾವುದೆಂದು ಕೇಳುವ ಮೊದಲು ಅಲ್ಲಿ ಹೂತದ್ದು ಯಾರನ್ನು ಎಂದು ಕೇಳಬೇಕು. ಈ ಕೆಲಸದ ತಿರುಳು ಇಷ್ಟೇ.

ಮೊದಲು ಕಾಗದಪತ್ರಗಳನ್ನು ನೋಡಿ. ಗ್ರಾಮ ನಕಾಶೆಯಲ್ಲಿ ಸ್ಮಶಾನದ ಸರ್ವೆ ನಂಬರನ್ನು ಗುರುತಿಸಿಕೊಂಡು ಪಹಣಿ ತೆಗೆಸಿದರೆ, ಆ ಜಾಗ ‘ಬಿ’ ಖರಾಬು ಎಂದು ಸಾರ್ವಜನಿಕ ಬಳಕೆಗೆ ಬಿಟ್ಟದ್ದೋ, ಯಾರದಾದರೂ ಹಿಡುವಳಿಯೊಳಗೆ ಸೇರಿಹೋಗಿದೆಯೋ ತಿಳಿಯುತ್ತದೆ. ಪಕ್ಕದಲ್ಲಿ ಬೇಚರಾಕ್ ಗ್ರಾಮವೇನಾದರೂ ಇದ್ದರೆ, ಅಂದರೆ ದಾಖಲೆಯಲ್ಲಿ ಹೆಸರು ಉಳಿದು ಜನವಸತಿ ಇಲ್ಲದ ಊರಿದ್ದರೆ, ನಿಮ್ಮ ಕಥೆಯ ಅರ್ಧ ಭಾಗ ಅಲ್ಲಿಯೇ ಇರಬಹುದು.

ಆಮೇಲೆ ಜನರ ಬಳಿಗೆ ಹೋಗಿ. ಗೌಡರ ಜಗಲಿಯಲ್ಲಿ ಕುಳಿತು ಕೇಳಿದ ಒಂದೇ ಕಥೆಗೆ ತೃಪ್ತರಾಗಬೇಡಿ. ಗುಣಿ ತೋಡುತ್ತ ಬಂದ ಮನೆತನದವರು, ತಳವಾರ ಮತ್ತು ತೋಟಿ ಕೆಲಸ ಮಾಡಿದವರ ಮಕ್ಕಳು, ಸೊಸೆಯಾಗಿ ಊರಿಗೆ ಬಂದ ಅಜ್ಜಿಯರು ಹೇಳುವ ಕಥೆ ಬೇರೆಯೇ ಆಗಿರುತ್ತದೆ. ಚಿಕ್ಕಬಳ್ಳಾಪುರ ಮತ್ತು ಕೋಲಾರದ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಆದ್ದರಿಂದ ಆ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. “ಅಜ್ಜೀ, ಅಲ್ಲಿ ದೆವ್ವ ಇದೆಯಾ?” ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. “ನಿಮ್ಮ ಮನೆಯವರನ್ನು ಎಲ್ಲಿ ಮಣ್ಣು ಮಾಡುತ್ತಿದ್ದರು, ಅಲ್ಲಿಗೆ ಯಾರನ್ನು ಒಯ್ಯುತ್ತಿದ್ದರು?” ಎಂದು ಕೇಳಿದರೆ ಮಾತು ತಾನಾಗಿ ಹೊರಡುತ್ತದೆ.

ಈ ಪ್ರಶ್ನೆಗೆ ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಜಮೀನುಳ್ಳವರು ತಮ್ಮವರನ್ನು ಸ್ವಂತ ಹೊಲದಲ್ಲೇ ಹೂಳುವ ರೂಢಿ ವ್ಯಾಪಕವಾಗಿದೆ. ಅಲ್ಲಿ ಎಡೆ ಇಡುತ್ತಾರೆ, ಹಿರಿಯರೆಂದು ಪೂಜಿಸುತ್ತಾರೆ. ಊರಾಚೆಯ ಸ್ಮಶಾನಕ್ಕೆ ಬಂದವರು ಹಲವೆಡೆ ಜಮೀನಿಲ್ಲದವರು, ಊರೂರು ಅಲೆದವರು, ಅಪಮೃತ್ಯುವಿಗೆ ಈಡಾದವರು. ಹಿರಿಯರ ಹಬ್ಬದಲ್ಲಿ ಹೆಸರು ಹಿಡಿದು ಕರೆಯಲು ಯಾರೂ ಉಳಿಯದವರೇ ಜನರ ಬಾಯಲ್ಲಿ ದೆವ್ವಗಳಾಗಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಾತಿಗೊಂದು ಸ್ಮಶಾನವಿರುವ ಊರಿನಲ್ಲಿ ಯಾವ ಸ್ಮಶಾನಕ್ಕೆ ದೆವ್ವದ ಹೆಸರು ಅಂಟಿದೆ ಎಂಬುದನ್ನು ತಪ್ಪದೆ ಗುರುತು ಹಾಕಿಕೊಳ್ಳಿ.

ಕಾಲವನ್ನು ಹಿಡಿಯುವುದು ಕಷ್ಟದ ಕೆಲಸ. ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ, ಇಲ್ಲವೇ ಬರ–ಬೇನೆಯ ಗುರುತು ಹೇಳುತ್ತಾರೆ. ‘ಧಾತು ಈಶ್ವರ ಬರ’ ಎಂದರೆ ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ ಬಂದ 1876–78ರ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಗುಣಿ ತೋಡುವವರೇ ಇಲ್ಲದೆ ಹೆಣಗಳನ್ನು ಒಟ್ಟಿಗೆ ಮಣ್ಣು ಮಾಡಿದರೆಂಬ ಕಥೆ ಸಿಕ್ಕರೆ ಮೊದಲು ಈ ವರ್ಷಗಳನ್ನು ನೆನೆಯಿರಿ. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ; 1936–37 ಕೂಡ ಧಾತುವೇ. ಹೀಗಾಗಿ ಹೇಳುವವರ ತಲೆಮಾರುಗಳನ್ನು ಎಣಿಸಿಯೇ ನಿರ್ಧರಿಸಬೇಕು. ಊರಿಗೆ ಊರೇ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡಿತ್ತೆಂದರೆ ಅದು 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗಿನ ನಂತರದ ಮಾತಾಗಿರುವ ಸಂಭವ ಹೆಚ್ಚು. ಹತ್ತಿರದಲ್ಲಿ ಪ್ಲೇಗ್ ಮಾರಮ್ಮನ ಗುಡಿ ಇದೆಯೇ ಎಂದು ವಿಚಾರಿಸಿ. ಜ್ವರ ಬಂದು ಒಂದೇ ಮನೆಯಲ್ಲಿ ನಾಲ್ಕೈದು ಹೆಣ ಬಿದ್ದವು ಎಂದರೆ 1918ರ ಇನ್‌ಫ್ಲುಯೆಂಜಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗೌರಿಬಿದನೂರಿನ ಸುತ್ತಮುತ್ತ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ, 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರಿಗೆ ಮುಂಚೆಯೋ ಆಮೇಲೋ ಎಂದು ಕೇಳಿ ನೋಡಬಹುದು.

ಕಲ್ಲುಗಳನ್ನು ಹಗಲಿನಲ್ಲಿ, ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿ. ಸವೆದ ಗೆರೆಗಳು ಆಗ ಎದ್ದು ಕಾಣುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ ಇದ್ದರೆ ಅದು ವೀರಗಲ್ಲು. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಮಾಸ್ತಿಗಲ್ಲು, ಅಂದರೆ ಗಂಡನ ಚಿತೆಯೇರಿದ ಹೆಣ್ಣಿನ ಗುರುತು. ರಾತ್ರಿ ಬಳೆಯ ಸದ್ದು ಕೇಳಿಸುತ್ತದೆ ಎನ್ನುವ ಊರಿನಲ್ಲಿ ಇಂತಹ ಕಲ್ಲು ಪೊದೆಯೊಳಗೆ ಬಿದ್ದಿದೆಯೇ ಎಂದು ಹುಡುಕಲೇಬೇಕು. ಅಕ್ಷರಗಳಿದ್ದರೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಬಳಿಯದೆ ಫೋಟೊ ತೆಗೆದುಕೊಂಡು, ಬಿ. ಎಲ್. ರೈಸ್ ಪ್ರಕಟಿಸಿದ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ತಾಲ್ಲೂಕುವಾರು ಹುಡುಕಿ. ಕೋಲಾರಕ್ಕೆ 10ನೇ ಸಂಪುಟ, ತುಮಕೂರಿಗೆ 12ನೇ ಸಂಪುಟ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಅದರ ಶಾಸನಗಳೂ ಕೋಲಾರದ ಸಂಪುಟದಲ್ಲೇ ಇವೆ.

ಗೋರಿಯ ಮೇಲೆ ಹತ್ತುವುದು, ಅಗೆಯುವುದು, ರಾತ್ರಿ ನುಗ್ಗಿ ವಿಡಿಯೊ ಮಾಡುವುದು ಬೇಡ. ಸತ್ತವರ ಬಂಧುಗಳ ಮನಸ್ಸು ನೋಯಿಸುವ ಉದ್ದೇಶದಿಂದ ಹೂಳುವ ಜಾಗಕ್ಕೆ ಅತಿಕ್ರಮವಾಗಿ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಂತೆ ಅಪರಾಧ. ಬಾವಿಗೆ ಬಿದ್ದು ಸತ್ತವಳು, ನೇಣು ಹಾಕಿಕೊಂಡವನು ಎಂಬ ಕಥೆಗಳಲ್ಲಿ ಆ ಮನೆತನದವರು ಇಂದಿಗೂ ಊರಿನಲ್ಲೇ ಇದ್ದರೆ ಹೆಸರನ್ನು ಬರೆಯಬೇಡಿ.

ಬರೆಯುವಾಗ ಕೇಳಿದ್ದನ್ನು, ಕಲ್ಲಿನಲ್ಲಿ ಕಂಡದ್ದನ್ನು, ದಾಖಲೆಯಲ್ಲಿ ಓದಿದ್ದನ್ನು ಬೆರೆಸದೆ ಬೇರೆ ಬೇರೆಯಾಗಿ ಇಡಿ. ಒಂದೇ ಕಥೆಗೆ ಮೂರು ಪಾಠಗಳಿದ್ದರೆ ಮೂರನ್ನೂ, ಯಾವ ಕೇರಿಯಲ್ಲಿ ಕೇಳಿದ್ದೆಂಬ ವಿವರದೊಡನೆ ಉಳಿಸಿ. ಕೊನೆಗೆ ಬರೆದದ್ದನ್ನು ಹೇಳಿದವರ ಮುಂದೆಯೇ, ಆ ಕೇರಿಯಲ್ಲೇ ಕುಳಿತು ಗಟ್ಟಿಯಾಗಿ ಓದಿ. “ಅಲ್ಲಪ್ಪಾ, ಅವಳ ಹೆಸರು ಅದಲ್ಲ” ಎಂದು ಯಾರಾದರೂ ನಡುವೆ ಬಾಯಿ ಹಾಕಿದರೆ, ಪುಸ್ತಕ ಮುಚ್ಚದೆ ಆ ಹೆಸರನ್ನು ಬರೆದುಕೊಳ್ಳಿ.