ಕಲ್ಲಿನಲ್ಲಿ, ಬಣ್ಣದಲ್ಲಿ, ಟ್ರಂಕಿನಲ್ಲಿ: ಹಳೆಯ ಕಾಲದ ಉಡುಪನ್ನು ಗುರುತಿಸುವ ಬಗೆ

ತುಮಕೂರಿನ ಆಸುಪಾಸಿನಲ್ಲಿ ರಾಜ್ಯೋತ್ಸವದ ಮೆರವಣಿಗೆಗೋ ಶಾಲೆಯ ನಾಟಕಕ್ಕೋ ರಾಜನ ವೇಷ ಬೇಕೆಂದಾಗ, ನೊಳಂಬ ಅರಸನಿಗೂ ವಿಜಯನಗರದ ದಂಡನಾಯಕನಿಗೂ ಒಂದೇ ಕೆಂಪು ಮಖಮಲ್ಲಿನ ನಿಲುವಂಗಿ ಬಾಡಿಗೆಗೆ ಬರುತ್ತದೆ. ಅವರಿಬ್ಬರ ನಡುವೆ ಐದಾರು ನೂರು ವರ್ಷಗಳ ಅಂತರವಿದೆ. ಆ ಅಂತರದಲ್ಲಿ ಉಡುಪು ಹೇಗೆ ಬದಲಾಯಿತು ಎಂಬುದನ್ನು ನಮ್ಮ ಜಿಲ್ಲೆಗಳ ಗುಡಿಗಳಲ್ಲೇ ಕಣ್ಣಾರೆ ನೋಡಬಹುದು. ನಾನು ಅನುಸರಿಸುವ ಕ್ರಮ ಸರಳವಾದುದು: ಮೊದಲು ಸೊಂಟವನ್ನು ನೋಡಬೇಕು, ಆಮೇಲೆ ಬಟ್ಟೆಯ ಅಂಚನ್ನು, ಕೊನೆಗೆ ತಲೆಯನ್ನು. ಒಡವೆಗಳ ಮೇಲೆ ಮೊದಲೇ ಕಣ್ಣು ಹೋದರೆ ಬಟ್ಟೆ ಕಾಣದೇ ಹೋಗುತ್ತದೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿನ ಚೆನ್ನಕೇಶವ ದೇವಾಲಯ 13ನೇ ಶತಮಾನದ ಹೊಯ್ಸಳ ಕಟ್ಟಡ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತು ಅಥವಾ ಇಳಿಹೊತ್ತಿನಲ್ಲಿ ಹೋಗಿ. ನಡುಹಗಲಿನಲ್ಲಿ ಈ ಶಿಲ್ಪಗಳಿಗೆ ಬಟ್ಟೆಯೇ ಇಲ್ಲವೆಂದು ಅನೇಕರು ತಿಳಿಯುತ್ತಾರೆ, ಆದರೆ ಓರೆ ಬೆಳಕಿನಲ್ಲಿ ತೊಡೆಯ ಮೇಲೋ ಕಣಕಾಲಿನ ಬಳಿಯೋ ಕೊರೆದ ಒಂದೆರಡು ಸಣ್ಣ ಗೆರೆಗಳು ಕಾಣಿಸುತ್ತವೆ. ಅವೇ ಬಟ್ಟೆಯ ಅಂಚು. ಬಟ್ಟೆ ಎಷ್ಟು ನವುರೆಂದು ತೋರಿಸಲು ಶಿಲ್ಪಿ ಅದರ ಅಂಚನ್ನಷ್ಟೇ ಕೊರೆದು ಉಳಿದುದನ್ನು ಮೈಗೆ ಅಂಟಿಸಿಬಿಟ್ಟಿದ್ದಾನೆ. ಕಾಲುಗಳ ನಡುವೆ ಇಳಿಬಿದ್ದ ನಿರಿಗೆ, ಸೊಂಟಪಟ್ಟಿಯಿಂದ ತೊಡೆಯವರೆಗೆ ಜೋತಾಡುವ ಮುತ್ತಿನ ಕುಣಿಕೆಗಳು, ಕೆಲವು ಸ್ತ್ರೀಯರ ಎದೆಗೆ ಬಿಗಿದ ಪಟ್ಟಿ, ಇಷ್ಟನ್ನು ಗುರುತಿಸಿದರೆ ಆ ಕಾಲದ ಉಡುಪು ಬಹುಮಟ್ಟಿಗೆ ಹೊಲಿಗೆಯಿಲ್ಲದ್ದೆಂದೂ, ವೈಭವವೆಲ್ಲ ಉಡುವ ಬಗೆಯಲ್ಲಿ ಮತ್ತು ಆಭರಣದಲ್ಲಿ ಇತ್ತೆಂದೂ ತಿಳಿಯುತ್ತದೆ. ಉಡುವುದನ್ನು ಆ ಕಾಲದವರು ಒಂದು ಶಾಸ್ತ್ರವಾಗಿಯೇ ಕಂಡಿದ್ದರು: ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗಕ್ಕೆಂದೇ ಒಂದು ಪ್ರಕರಣವಿದ್ದು, ಯಾವ ಋತುವಿಗೆ ಎಂಥ ಬಟ್ಟೆ ಎಂಬುದನ್ನೂ ಅದು ಹೇಳುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ದೇವರ ವಿಗ್ರಹದ ಉಡುಪನ್ನು ಜನರ ಉಡುಪೆಂದು ಬರೆದುಕೊಳ್ಳಬೇಡಿ. ಕಿರೀಟವೂ ಪೀತಾಂಬರವೂ ಶಿಲ್ಪಶಾಸ್ತ್ರದ ಕಟ್ಟಳೆಯಂತೆ ಶತಮಾನಗಳ ಕಾಲ ಹಾಗೆಯೇ ಸಾಗಿ ಬರುತ್ತವೆ. ಕಾಲದ ಗುರುತು ಸಿಗುವುದು ಕೆಳಗಿನ ಪಟ್ಟಿಕೆಗಳಲ್ಲಿರುವ ಸೈನಿಕರು, ಮದ್ದಳೆಯವರು, ಕುಣಿಯುವವರಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಊರುಗಳಲ್ಲಿ ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳಲ್ಲಿಯೂ ಅದು ಸಿಗುತ್ತದೆ. ವೀರಗಚ್ಚೆ, ಅಂದರೆ ಕಾಲುಗಳ ನಡುವೆ ಎಳೆದು ಬಿಗಿದ ಕಚ್ಚೆ, ಎಷ್ಟು ಮೇಲಕ್ಕೆ ಕಟ್ಟಿದೆ, ಬಾಕು ಸೊಂಟದ ಯಾವ ಬದಿಗಿದೆ, ತುರುಬು ಯಾವ ಕಡೆ ವಾಲಿದೆ ಎಂದು ಗುರುತು ಹಾಕಿಕೊಳ್ಳಿ. ಸತಿಹೋದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿನಲ್ಲಿ ಮೇಲೆತ್ತಿದ ತೋಳಿನ ಬಳೆಗಳನ್ನೂ ಬಿಡಬೇಡಿ.

ಕಲ್ಲು ಬಣ್ಣವನ್ನು ಹೇಳುವುದಿಲ್ಲ. ಅದಕ್ಕೆ ಗೌರಿಬಿದನೂರಿನಿಂದ ಹಿಂದೂಪುರದ ಮೇಲೆ ಲೇಪಾಕ್ಷಿಗೆ ಹೋಗಬೇಕು. ವಿಜಯನಗರದ ದೊರೆ ಅಚ್ಯುತರಾಯನ ಕಾಲದ, ಅಂದರೆ 16ನೇ ಶತಮಾನದ ಆ ವೀರಭದ್ರ ದೇವಾಲಯದ ಮಂಟಪಗಳ ಚಾವಣಿಯಲ್ಲಿ ಸ್ತ್ರೀಯರ ಸೀರೆಗಳು ಒಂದರಂತೆ ಇನ್ನೊಂದಿಲ್ಲ. ಪಟ್ಟೆ, ಚೌಕುಳಿ, ಹೂಬಳ್ಳಿ ಎಲ್ಲವೂ ಬೇರೆ ಬೇರೆ. ಒಂದೊಂದು ಅಂಚನ್ನೂ ಹಾಳೆಯ ಮೇಲೆ ಬರೆದುಕೊಳ್ಳುವಷ್ಟು ಸಮಯವನ್ನು ಕೈಯಲ್ಲಿಟ್ಟುಕೊಂಡು ಹೋಗಿ. ಗುಡಿ ಕಟ್ಟಿಸಿದ ವಿರೂಪಣ್ಣನ ಪರಿವಾರದ ಗಂಡಸರ ತಲೆಯ ಮೇಲೆ ಎತ್ತರದ ಶಂಕುವಿನಾಕಾರದ ಟೊಪ್ಪಿಗೆ ಇದೆ. ಇದೇ ಕುಲ್ಲಾಯಿ. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯಲ್ಲಿಯೂ ಇದನ್ನು ಕಾಣಬಹುದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ರಾಯನು ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ಉಡುಪಿನಲ್ಲಿ, ಜರತಾರಿ ಟೊಪ್ಪಿಗೆಯಿಟ್ಟು, ಬರಿಗಾಲಲ್ಲಿ ಇದ್ದನೆಂದು ಬರೆದಿದ್ದಾನೆ. ಕುಲ್ಲಾಯಿ ಪಾರಸಿಯ ಕುಲಾಹ್‌ನಿಂದ ಬಂದ ಹೆಸರು, ಅದರೊಡನೆ ತೊಡುತ್ತಿದ್ದ ಉದ್ದನೆಯ ಹೊಲಿದ ಅಂಗಿ ಕಬಾಯಿ. ಕೂಸಿನ ತಲೆಗೆ ಕಟ್ಟುವ ಕುಲಾವಿಯನ್ನು ನೋಡಿದಾಗಲೆಲ್ಲ ನನಗೆ ಆ ದರ್ಬಾರು ನೆನಪಾಗುತ್ತದೆ.

ಅಲ್ಲಿಂದ ಮುಂದಿನ ಕಾಲಕ್ಕೆ ತುಮಕೂರು–ಶಿರಾ ಹೆದ್ದಾರಿಯ ಸೀಬಿ ನರಸಿಂಹಸ್ವಾಮಿ ದೇವಾಲಯವಿದೆ. ಹೈದರ್, ಟಿಪ್ಪು ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನ ಮಕ್ಕಳು ಕಟ್ಟಿಸಿದ ಆ ಗುಡಿಯ ಚಾವಣಿಯಲ್ಲಿ ಪುರಾಣದ ಜೊತೆಗೆ ದರ್ಬಾರಿನ ಚಿತ್ರಗಳೂ ಇವೆ. ಇಂಥ ಚಿತ್ರಗಳಲ್ಲಿ ನಿಲುವಂಗಿಯ ಘೇರು, ನಡುಕಟ್ಟಿನ ತುದಿ, ಪೇಟದ ಸುತ್ತುಗಳನ್ನು ಗಮನಿಸಬೇಕು. ಅಂಗಿಯ ಕಸೆ (ಕಟ್ಟುವ ದಾರ) ಯಾವ ಬದಿಗಿದೆ ಎಂಬುದನ್ನೂ ನೋಡಿ. ಮೊಗಲರ ದರ್ಬಾರಿನಲ್ಲಿ ಹಿಂದೂಗಳು ಎಡಕ್ಕೂ ಮುಸಲ್ಮಾನರು ಬಲಕ್ಕೂ ಕಸೆ ಕಟ್ಟುವ ರೂಢಿಯಿತ್ತು. 20ನೇ ಶತಮಾನಕ್ಕೆ ಛಾಯಾಚಿತ್ರಗಳೇ ಸಾಕು: 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಚಿತ್ರಗಳಲ್ಲಿ ಜರಿಪೇಟವೂ ಕೋಟೂ ಒಟ್ಟಿಗೆ ಇರುವುದನ್ನು ಎಲ್ಲರೂ ಕಂಡಿದ್ದೇವೆ.

ಕಡೆಯದಾಗಿ ನಿಮ್ಮ ಮನೆಯ ಟ್ರಂಕು. ನಮ್ಮಜ್ಜಿಯ ಧಾರೆಸೀರೆ ಹದಿನೆಂಟು ಮೊಳದ್ದು. ಹಳೇ ಜರಿ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗಿಕೊಂಡು ಬಂದವರಿಗೆ ಅದನ್ನು ಒಂದು ಸ್ಟೀಲ್ ಕೊಳಗಕ್ಕೆ ಕೊಟ್ಟುಬಿಟ್ಟರು; ಬೆಳ್ಳಿಗಾಗಿ ಅದನ್ನು ಸುಟ್ಟಿರುತ್ತಾರೆ. ಉಳಿದಿರುವುದು ಗೇಣುದ್ದದ ಅಂಚು. ಅದರ ಬಿಟ್ಟುಕೊಂಡ ಒಂದು ಎಳೆಯನ್ನು ಉಗುರಿನಿಂದ ಬಿಡಿಸಿದರೆ ಚಿನ್ನದ ಮೆರುಗಿನ ಬೆಳ್ಳಿಯ ತಗಡು ಸುರುಳಿಯಾಗಿ ಕಳಚಿಕೊಂಡು, ಒಳಗೆ ಕೆಂಪು ರೇಷ್ಮೆ ನೂಲು ಕಾಣುತ್ತದೆ. ಈ ನೋವು ಇನ್ನೊಬ್ಬರಿಗೆ ಬಾರದಿರಲೆಂದೇ ಹೇಳುತ್ತಿದ್ದೇನೆ, ದಯವಿಟ್ಟು ಅಂಥ ಸೀರೆಯನ್ನು ಜರಿಯ ತೂಕಕ್ಕೆ ಮಾರಬೇಡಿ. ತೊಳೆದು ಗಂಜಿ ತೆಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ನುಸಿಗುಳಿಗೆ ಜರಿಗೆ ತಾಕಬಾರದು. ಮೂರು ತಿಂಗಳಿಗೊಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಹರವಿ, ಹಳೆಯ ಮಡಿಕೆಯ ಮೇಲೆ ಮತ್ತೆ ಮಡಿಸದೆ ಬೇರೆಡೆ ಮಡಿಸಿ. ಯಾರದು, ಯಾವ ವರ್ಷದ್ದು, ಎಷ್ಟು ಮೊಳ, ಹೇಗೆ ಉಡುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಪಂಚೆಯ ಹೊರಸುತ್ತಿನಲ್ಲಿ ಸಿಕ್ಕಿಸಿಡಿ.