ಮುಯ್ಯಾಳು, ಕೈಸಾಲ ಮತ್ತು ಐಗ್ರಾಫ್: ಜಾಲ ವಿಶ್ಲೇಷಣೆಯ ತಂತ್ರಾಂಶ ಕಲಿತ ನನ್ನ ಅನುಭವ

ಮಳೆಯನ್ನೇ ನಂಬಿ ರಾಗಿ ಬೆಳೆಯುವ ಊರುಗಳಲ್ಲಿ ಬಿತ್ತನೆ ಬೀಜ, ಮುಯ್ಯಾಳು (ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಂತೆ ಹೋಗಿ ದುಡಿಯುವುದು) ಮತ್ತು ಕೈಸಾಲ ಯಾವ ಮನೆಯಿಂದ ಯಾವ ಮನೆಗೆ ಹೋಗುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ಸಮಾಜಶಾಸ್ತ್ರ ಓದಿದ ನನಗೆ ಸಮೀಕ್ಷೆಯ ದತ್ತಾಂಶವೆಂದರೆ ಒಂದು ಸಾಲಿಗೆ ಒಬ್ಬ ವ್ಯಕ್ತಿ, ಒಂದು ಕಾಲಮ್ಮಿಗೆ ಒಂದು ಗುಣ ಎಂಬ ಕೋಷ್ಟಕವೇ ಆಗಿತ್ತು. ವಯಸ್ಸು, ಜಮೀನು, ಜಾತಿ, ಓದು ಎಲ್ಲವೂ ಅದರಲ್ಲಿ ಕೂರುತ್ತವೆ, ಆದರೆ ಇಬ್ಬರ ನಡುವಿನ ಕೊಡುಕೊಳೆ ಕೂರುವುದಿಲ್ಲ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಇನ್ನೊಬ್ಬ ಸಮಾಜಶಾಸ್ತ್ರಜ್ಞ ಆಂದ್ರೆ ಬೆತೇಯ್ ಅವರೊಡನೆ 1964ರಲ್ಲೇ ‘ಮ್ಯಾನ್’ ಎಂಬ ಮಾನವಶಾಸ್ತ್ರ ಪತ್ರಿಕೆಯಲ್ಲಿ, ಭಾರತದ ಸಮಾಜವನ್ನು ಜಾತಿ, ಹಳ್ಳಿಗಳಂಥ ಗುಂಪುಗಳಾಗಿ ಮಾತ್ರವಲ್ಲದೆ ಸಂಬಂಧಗಳ ಜಾಲವಾಗಿಯೂ ನೋಡುವ ಕುರಿತು ಬರೆದಿದ್ದರು. ಅಂದು ಕೈಯಿಂದ ಮಾಡಲು ಕಷ್ಟವಾಗಿದ್ದ ಇಂಥ ಜಾಲಗಳ ಲೆಕ್ಕ ಇಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕ್ಷಣದಲ್ಲಿ ಆಗುತ್ತದೆ. ಆ ಲೆಕ್ಕಕ್ಕೆ ಏನನ್ನು ಕೊಡಬೇಕು, ಬಂದ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಕಲಿಯುವುದಕ್ಕೇ ನನ್ನ ಬಹುಪಾಲು ಸಮಯ ಹೋಯಿತು.

ತಂತ್ರಾಂಶದ ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುಸಿನೆಟ್ ಈ ಕ್ಷೇತ್ರದ ಹಳೆಯ, ನೆಚ್ಚಿನ ಸಾಧನ, ಆದರೆ ವಿಂಡೋಸ್‌ಗಾಗಿ ಮಾಡಿದ್ದು ಮತ್ತು ಹಣ ಕೊಟ್ಟು ಪಡೆಯಬೇಕಾದದ್ದು. ಸ್ಲೊವೇನಿಯಾದ ಬತಗೆಲ್ ಮತ್ತು ಮ್ರ್ವಾರ್ ಅವರು 1996ರಲ್ಲಿ ಆರಂಭಿಸಿದ ಪಾಯೆಕ್ ದೊಡ್ಡ ಜಾಲಗಳಿಗೆ ಒಳ್ಳೆಯದು. ನಾನು ಜಾಲವನ್ನು ಕಣ್ಣಿನಿಂದ ನೋಡುವುದಕ್ಕೆ ಗೆಫಿಯನ್ನೂ, ಅಳೆಯುವುದಕ್ಕೆ ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಆರ್ ಭಾಷೆಯ ಐಗ್ರಾಫ್ ಪ್ಯಾಕೇಜನ್ನೂ ಇಟ್ಟುಕೊಂಡೆ. ಎರಡೂ ಉಚಿತ, ಮತ್ತು ಎರಡನ್ನೂ ಒಟ್ಟಿಗೆ ಬಳಸಿದ್ದರಿಂದ ಒಂದರ ಉತ್ತರವನ್ನು ಇನ್ನೊಂದರಲ್ಲಿ ಪರೀಕ್ಷಿಸಲು ಸಾಧ್ಯವಾಯಿತು.

ನನ್ನ ದತ್ತಾಂಶವನ್ನು ಮುಟ್ಟುವ ಮೊದಲು, ಕಾಗದದ ಮೇಲೆ ಬಿಡಿಸಿ ಸರಿನೋಡಬಹುದಾದಷ್ಟು ಚಿಕ್ಕ ಜಾಲವೊಂದರಲ್ಲಿ ಕೈ ಪಳಗಿಸಿಕೊಂಡೆ. ಹದಿನೈದನೇ ಶತಮಾನದ ಫ್ಲಾರೆನ್ಸ್ ನಗರದ ಶ್ರೀಮಂತ ಮನೆತನಗಳ ಮದುವೆ ಸಂಬಂಧಗಳ ಜಾಲ ಅದು. ಜಾನ್ ಪ್ಯಾಜೆಟ್ ಕಲೆಹಾಕಿದ ಆ ದತ್ತಾಂಶದಲ್ಲಿ 16 ಮನೆತನಗಳೂ 20 ಸಂಬಂಧಗಳೂ ಇವೆ. ಅದರಲ್ಲಿ ಸ್ಟ್ರೊಝಿ ಮತ್ತು ಗ್ವಾದಾನ್ಯಿ ಎರಡಕ್ಕೂ ತಲಾ 4 ಬೀಗತನಗಳು, ಅಂದರೆ ಡಿಗ್ರಿ ಸಮ. ಆದರೆ ಇತರ ಮನೆತನಗಳ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಒಂದು ಮನೆತನ ಎಷ್ಟು ಸಲ ನಡುವೆ ಬರುತ್ತದೆ ಎಂದು ಅಳೆಯುವ ಬಿಟ್ವೀನ್‌ನೆಸ್ ಸ್ಟ್ರೊಝಿಗೆ ಸುಮಾರು 0.10, ಗ್ವಾದಾನ್ಯಿಗೆ ಸುಮಾರು 0.25. ಕಾರಣ ಚಿತ್ರದಲ್ಲೇ ಇದೆ. ಸ್ಟ್ರೊಝಿಯ ಬೀಗರಾದ ಪೆರುಝಿ, ಕಸ್ತೆಲ್ಲಾನಿ, ಬಿಸ್ಕೆರಿಗಳ ನಡುವೆಯೇ ಮದುವೆಗಳಾಗಿವೆ, ಅವರಿಗೆ ಸ್ಟ್ರೊಝಿಯ ಹಂಗಿಲ್ಲ. ಗ್ವಾದಾನ್ಯಿಯ ನಾಲ್ವರು ಬೀಗರಲ್ಲಿ ಯಾವ ಇಬ್ಬರ ನಡುವೆಯೂ ನೇರ ಸಂಬಂಧವಿಲ್ಲ. ಪಾಝಿ ಮನೆತನ ಸಾಲ್ವಿಯಾತಿಯ ಮೂಲಕ, ಸಾಲ್ವಿಯಾತಿ ಮೆದಿಚಿಯ ಮೂಲಕ ಮಾತ್ರ ಉಳಿದವರನ್ನು ತಲುಪಬೇಕಾದ್ದರಿಂದ ಮೆದಿಚಿಯ ಅಂಕಿ 0.52ಕ್ಕೆ ಏರುತ್ತದೆ.

ಇದೇ ಉದಾಹರಣೆಯಲ್ಲಿ ಇನ್ನೊಂದು ವಿಷಯವಿದೆ, ನನ್ನ ಮುಂದಿನ ಕೆಲಸಕ್ಕೆಲ್ಲ ಅದೇ ಆಧಾರವಾಯಿತು. ಪುಚ್ಚಿ ಎಂಬ ಮನೆತನಕ್ಕೆ ಈ ಜಾಲದಲ್ಲಿ ಒಂದೂ ಮದುವೆ ಸಂಬಂಧವಿಲ್ಲ. ಸಂಬಂಧಗಳ ಪಟ್ಟಿಯನ್ನು ಮಾತ್ರ ತಂತ್ರಾಂಶಕ್ಕೆ ಕೊಟ್ಟರೆ ಪುಚ್ಚಿಯ ಹೆಸರು ಎಲ್ಲಿಯೂ ಬಾರದೆ ಅದು ಜಾಲದಿಂದಲೇ ಮಾಯವಾಗುತ್ತದೆ. ಬಿಟ್ವೀನ್‌ನೆಸ್‌ನ ಮೂಲ ಅಂಕಿಯನ್ನು ಉಳಿದ ಮನೆತನಗಳಿಂದ ಆಗಬಹುದಾದ ಜೋಡಿಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಮೆದಿಚಿಯ ಮೂಲ ಅಂಕಿ 47.5, 15 ಮನೆತನಗಳೆಂದುಕೊಂಡರೆ ಅದನ್ನು 91ರಿಂದ ಭಾಗಿಸಬೇಕು, 0.52 ಬರುತ್ತದೆ, ಪುಚ್ಚಿಯನ್ನೂ ಸೇರಿಸಿದರೆ 105ರಿಂದ ಭಾಗಿಸಬೇಕು, 0.45 ಬರುತ್ತದೆ. ಯಾರೊಡನೆಯೂ ಸಂಬಂಧವಿಲ್ಲದ ಒಂದು ಮನೆ ಇದೆಯೇ ಇಲ್ಲವೇ ಎಂಬುದು ಊರಿನ ಅತಿ ಪ್ರಭಾವಿ ಮನೆಯ ಅಂಕಿಯನ್ನೂ ಬದಲಿಸುತ್ತದೆ. ನಾನು ಅಧ್ಯಯನ ಮಾಡುವ ಊರುಗಳಲ್ಲಿ ಯಾರಿಂದಲೂ ಬೀಜ ತಾರದ, ಯಾರಿಗೂ ಮುಯ್ಯಾಳು ಹೋಗದ ಮನೆಗಳು ಬಹುಮಟ್ಟಿಗೆ ಬಡವರವು ಅಥವಾ ಒಂಟಿ ಹೆಂಗಸರವು. ಅಂಥ ಮನೆಗಳು ಕಡತದಿಂದ ಸದ್ದಿಲ್ಲದೆ ಬಿದ್ದುಹೋಗುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ. ಹಾಗಾಗಿ ಊರಿನ ಎಲ್ಲ ಮನೆಗಳ ಕಡತ ಬೇರೆ, ಸಂಬಂಧಗಳ ಕಡತ ಬೇರೆ ಎಂದು ಎರಡನ್ನು ಮಾಡಿಕೊಳ್ಳುತ್ತೇನೆ. ಗೆಫಿಯಲ್ಲಿ ಮನೆಗಳ ಕಡತವನ್ನು ಮೊದಲು ತೆರೆದು, ಅದೇ ವರ್ಕ್‌ಸ್ಪೇಸಿಗೆ ಸಂಬಂಧಗಳನ್ನು ಸೇರಿಸಬೇಕು. ಐಗ್ರಾಫ್‌ನಲ್ಲಿ ಡೇಟಾ ಫ್ರೇಮಿನಿಂದ ಜಾಲ ಕಟ್ಟುವ ಆದೇಶಕ್ಕೆ ವರ್ಟಿಸೀಸ್ ಎಂಬ ಕಡೆಯಲ್ಲಿ ಮನೆಗಳ ಪಟ್ಟಿಯನ್ನು ಕೊಡಬೇಕು.

ಎರಡನೆಯ ಅಭ್ಯಾಸಕ್ಕೆ ಕರ್ನಾಟಕದ್ದೇ ದತ್ತಾಂಶ ಸಿಕ್ಕಿತು. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ ಮತ್ತು ಮ್ಯಾಥ್ಯೂ ಜಾಕ್ಸನ್ ಅವರು ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿಟ್ಟ ಈ ದತ್ತಾಂಶದಲ್ಲಿ, ಯಾರು ಯಾರ ಮನೆಗೆ ಹೋಗಿಬರುತ್ತಾರೆ, ಯಾರಿಂದ ಅಕ್ಕಿ ಸೀಮೆಎಣ್ಣೆ ಎರವಲು ತರುತ್ತಾರೆ, ಯಾರಲ್ಲಿ ಸಾಲ ಕೇಳುತ್ತಾರೆ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತಾರೆ ಎಂಬ ಬಗೆಬಗೆಯ ಸಂಬಂಧಗಳು ಬೇರೆ ಬೇರೆ ಮಾತೃಕೆಗಳಾಗಿ (ಸಾಲಿಗೂ ಕಾಲಮ್ಮಿಗೂ ಮನೆಗಳಿರುವ, ಸಂಬಂಧವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಬರೆದ ಚೌಕಗಳಾಗಿ) ಇವೆ. ಕಿರುಸಾಲ ಸಂಸ್ಥೆಯೊಂದು ಮೊದಲು ಸುದ್ದಿ ತಿಳಿಸಿದ ಮುಂದಾಳುಗಳು ಜಾಲದಲ್ಲಿ ಎಷ್ಟು ಕೇಂದ್ರದಲ್ಲಿದ್ದರೋ ಆ ಊರಿನಲ್ಲಿ ಸಾಲ ಪಡೆದವರು ಅಷ್ಟು ಹೆಚ್ಚು ಎಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ತೋರಿಸಿದರು. ತಾವು ಸಾಲ ಪಡೆಯದವರೂ ಸುದ್ದಿಯನ್ನು ದಾಟಿಸುತ್ತಾರೆ, ಒಟ್ಟು ಪಾಲ್ಗೊಳ್ಳುವಿಕೆಯಲ್ಲಿ ಸುಮಾರು ಮೂರನೇ ಒಂದು ಭಾಗ ಅಂಥವರ ಬಾಯಿಮಾತಿನಿಂದ ಬಂದದ್ದು ಎಂಬ ಅವರ ಅಂದಾಜು ನನ್ನನ್ನು ಬಹಳ ಸೆಳೆಯಿತು. ಸಂಬಂಧಗಳ ವಿವರವಾದ ಸಮೀಕ್ಷೆ ಪ್ರತಿ ಊರಿನ ಅರ್ಧಕ್ಕೆ ಹತ್ತಿರದಷ್ಟು ಮನೆಗಳಲ್ಲಿ ಮಾತ್ರ ನಡೆದಿದೆ. ಪ್ರಶ್ನೆ ಕೇಳದ ಮನೆಯನ್ನು ಬೇರೆಯವರು ಹೆಸರಿಸಬಹುದು, ಆ ಮನೆ ಯಾರನ್ನೂ ಹೆಸರಿಸಲಾರದು. ಅಂಥ ಎರಡು ಮನೆಗಳ ನಡುವೆ ಎಷ್ಟೇ ಬಳಕೆ ಇದ್ದರೂ ಮಾತೃಕೆಯಲ್ಲಿ ಸೊನ್ನೆಯೇ ಇರುತ್ತದೆ. ಅರ್ಧ ಮನೆಗಳನ್ನು ಕೇಳದಿದ್ದರೆ ಸುಮಾರು ಕಾಲು ಭಾಗದಷ್ಟು ಜೋಡಿಗಳ ವಿಷಯ ನಮಗೆ ಗೊತ್ತೇ ಇರುವುದಿಲ್ಲ. ‘ಇಲ್ಲ’ ಎಂಬ ಸೊನ್ನೆ ಬೇರೆ, ‘ಕೇಳಿಲ್ಲ’ ಎಂಬ ಸೊನ್ನೆ ಬೇರೆ, ತಂತ್ರಾಂಶಕ್ಕೆ ಎರಡೂ ಒಂದೇ. ಈ ಕಾರಣಕ್ಕೇ ನಾನು ಹೆಚ್ಚು ಊರುಗಳನ್ನು ಬಿಟ್ಟು, ಕೆಲವೇ ಊರುಗಳಲ್ಲಿ ಎಲ್ಲ ಮನೆಗಳಿಗೂ ಹೋಗುವುದೆಂದು ನಿರ್ಧರಿಸಿದೆ.

ಪ್ರಶ್ನೆ ಕೇಳುವ ಬಗೆಯೂ ತಂತ್ರಾಂಶದ ಕಲಿಕೆಯ ಭಾಗವೇ ಎಂದು ನಾನು ನಂಬುತ್ತೇನೆ, ಏಕೆಂದರೆ ಜಾಲದಲ್ಲಿ ಎರಡು ಮನೆಗಳನ್ನು ಜೋಡಿಸುವ ಒಂದು ಗೆರೆ ಎಂದರೆ ಏನು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಕಷ್ಟಕ್ಕೆ ಯಾರು ಆಗುತ್ತಾರೆ ಎಂದು ಕೇಳಿದಾಗ ಒಬ್ಬ ಅಜ್ಜಿ, “ಯಾರ್ ಹೆಸ್ರು ಅಂತ ಹೇಳ್ಲಿ ಮಗಾ, ಕೇಳುದ್ರೆ ಯಾರೂ ಇಲ್ಲ ಅನ್ನಲ್ಲ” ಎಂದರು. “ಹೋದ್ ಸಲ ಬಿತ್ತಕ್ಕೆ ರಾಗಿ ಯಾರ್ ಮನೆಯಿಂದ ತಂದ್ರಿ ಅಜ್ಜಿ?” ಎಂದಾಗ ಎರಡು ಮನೆಗಳನ್ನು ತಡವಿಲ್ಲದೆ ಹೇಳಿ, ಎಷ್ಟು ಸೇರು ಎಂಬುದನ್ನೂ ತಿಳಿಸಿದರು. ನಡೆದುಹೋದ ಕೊಡುಕೊಳೆಯನ್ನು ಕೇಳಿದರೆ ದತ್ತಾಂಶ ಗಟ್ಟಿಯಾಗಿರುತ್ತದೆ.

ಬಂದ ಹೆಸರುಗಳನ್ನು ಒಂದುಗೂಡಿಸುವುದು ಬಹಳ ತಾಳ್ಮೆಯ ಕೆಲಸ. ಒಂದೇ ಊರಿನಲ್ಲಿ ಹಲವರು ಲಕ್ಷ್ಮಮ್ಮಂದಿರು. ಒಬ್ಬರನ್ನೇ ಕೆಲವರು ಗಂಡನ ಹೆಸರಿನಿಂದ, ಕೆಲವರು ಮನೆಯ ಅಡ್ಡಹೆಸರಿನಿಂದ ಹೇಳುತ್ತಾರೆ. ಪ್ರತಿ ಮನೆಗೆ ‘ಮ’ ಅಕ್ಷರದಿಂದ ಆರಂಭವಾಗುವ ಸಂಕೇತ ಕೊಟ್ಟು, ಯಾವ ಹೆಸರು ಯಾವ ಸಂಕೇತಕ್ಕೆ ಸೇರುತ್ತದೆ ಎಂಬ ಪಟ್ಟಿಯನ್ನು ಊರಿನವರೊಡನೆಯೇ ಕೂತು ಸರಿಮಾಡಿಕೊಂಡೆ. ಬರೀ ಅಂಕಿಯ ಸಂಕೇತವಾದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ. ಕನ್ನಡದ ಹೆಸರುಗಳನ್ನು ಯೂನಿಕೋಡ್‌ನಲ್ಲೇ ಬೆರಳಚ್ಚಿಸಬೇಕು. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಮೊದಲು ಪರಿವರ್ತಿಸಿಕೊಳ್ಳಬೇಕು, ಮತ್ತು ಕಡತವನ್ನು ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು. ಸಾಮಾನ್ಯ ಸಿಎಸ್‌ವಿ ಆರಿಸಿದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಲೆಕ್ಕದ ಹಂತದಲ್ಲಿ ಎಲ್ಲರೂ ಗಮನಿಸಬೇಕಾದದ್ದು ತೂಕದ ವಿಷಯ. ಮುಯ್ಯಾಳಿನ ಜಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಗೆ ಎಷ್ಟು ಆಳು ದುಡಿದರು ಎಂಬುದನ್ನು ವೆಯ್ಟ್ ಎಂಬ ಕಾಲಮ್ಮಿನಲ್ಲಿ ಬರೆದಿದ್ದೆ. ಗೆಫಿ ಮತ್ತು ಐಗ್ರಾಫ್ ಕೊಟ್ಟ ಬಿಟ್ವೀನ್‌ನೆಸ್ ಪಟ್ಟಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಕೈಪಿಡಿ ಓದಿದಾಗ ಕಾರಣ ತಿಳಿಯಿತು: ಗೆಫಿ ಈ ಲೆಕ್ಕದಲ್ಲಿ ತೂಕವನ್ನು ಪರಿಗಣಿಸುವುದಿಲ್ಲ, ಐಗ್ರಾಫ್, ಆ ಹೆಸರಿನ ಕಾಲಮ್ ಇದ್ದರೆ ತಾನಾಗಿಯೇ ಅದನ್ನು ದೂರವೆಂದು ತೆಗೆದುಕೊಳ್ಳುತ್ತದೆ. ಅಂದರೆ ಹತ್ತು ಆಳು ದುಡಿದ ಮನೆ ಒಂದು ಆಳು ದುಡಿದ ಮನೆಗಿಂತ ಹತ್ತು ಪಟ್ಟು ದೂರವಾಗುತ್ತದೆ, ನಮ್ಮ ಅರ್ಥಕ್ಕೆ ನೇರ ವಿರುದ್ಧ. ಅದೇ ಐಗ್ರಾಫ್ ಗುಂಪುಗಳನ್ನು ಹುಡುಕುವ ಲೂವೆನ್ ವಿಧಾನದಲ್ಲಿ ಅದೇ ತೂಕವನ್ನು ಬಲವೆಂದು ಓದುತ್ತದೆ. ಆದ್ದರಿಂದ ಬಿಟ್ವೀನ್‌ನೆಸ್‌ಗೆ ತೂಕದ ವಿಲೋಮವನ್ನು (ಒಂದನ್ನು ತೂಕದಿಂದ ಭಾಗಿಸಿದ್ದನ್ನು) ಕೊಡುತ್ತೇನೆ, ಇಲ್ಲವೇ ತೂಕ ಬೇಡವೆಂದು ಸ್ಪಷ್ಟವಾಗಿ ಬರೆಯುತ್ತೇನೆ. ಗುಂಪುಗಳು ಎಷ್ಟು ಸಣ್ಣವಿರಬೇಕೆಂದು ಹೇಳುವ, ಲೂವೆನ್ ವಿಧಾನದ ರೆಸಲ್ಯೂಶನ್ ಸಂಖ್ಯೆಯಲ್ಲೂ ಇಂಥದೇ ಅಡಚಣೆ ಇದೆ: ಐಗ್ರಾಫ್‌ನಲ್ಲಿ ಅದನ್ನು ಹೆಚ್ಚಿಸಿದರೆ ಗುಂಪುಗಳು ಹೆಚ್ಚುತ್ತವೆ, ಗೆಫಿಯಲ್ಲಿ ಕಡಿಮೆ ಮಾಡಿದರೆ ಹೆಚ್ಚುತ್ತವೆ.

ಬಿಂದುಗಳನ್ನು ಪರದೆಯ ಮೇಲೆ ಜೋಡಿಸುವ ಗೆಫಿಯ ಫೋರ್ಸ್ ಅಟ್ಲಾಸ್ 2 ವಿಧಾನ ಬಿಡಿಸುವ ಚಿತ್ರ ಬಹಳ ಸುಂದರವಾಗಿರುತ್ತದೆ, ಮಾರ್ಗದರ್ಶಕರಿಗೂ ಸಹಪಾಠಿಗಳಿಗೂ ಮೊದಲು ಹಿಡಿಸುವುದು ಅದೇ. ಆದರೆ ಮನೆಗಳನ್ನು ಬೇರೆ ಜಾಗದಿಂದ ಆರಂಭಿಸಿದರೆ ಅದೇ ಜಾಲ ತಿರುಗಿ ಬೇರೆ ರೂಪದಲ್ಲಿ ಕೂರುತ್ತದೆ. ಎಡ-ಬಲ, ಮೇಲು-ಕೆಳಗುಗಳಿಗೆ ಅಲ್ಲಿ ಅರ್ಥವಿಲ್ಲ. ನಾನು ಚಿತ್ರವನ್ನು ದತ್ತಾಂಶದ ತಪ್ಪು ಹುಡುಕುವುದಕ್ಕೆ ಬಳಸುತ್ತೇನೆ: ಒಂದೇ ಮನೆ ಎರಡು ಸಂಕೇತಗಳಲ್ಲಿ ಕೂತಿದ್ದರೆ ಅಥವಾ ಒಂದು ಕೇರಿಯೇ ಉಳಿದ ಊರಿನಿಂದ ಕಡಿದುಹೋಗಿದ್ದರೆ ಅದು ಕೋಷ್ಟಕಕ್ಕಿಂತ ಬೇಗ ಚಿತ್ರದಲ್ಲಿ ಕಾಣುತ್ತದೆ. ಜಾತಿ ಮತ್ತು ಬೀಜದ ಕೊಡುಕೊಳೆಯ ನಡುವಿನ ಸಂಬಂಧದಂಥ ಪ್ರಶ್ನೆಗಳಿಗೆ ಸಾಮಾನ್ಯ ರಿಗ್ರೆಶನ್ ಸಲ್ಲದು, ಏಕೆಂದರೆ ಒಂದೇ ಮನೆ ಹಲವು ಜೋಡಿಗಳಲ್ಲಿ ಬರುವುದರಿಂದ ಆ ಜೋಡಿಗಳು ಪರಸ್ಪರ ಸ್ವತಂತ್ರವಲ್ಲ. ಮಾತೃಕೆಯ ಸಾಲು-ಕಾಲಮ್‌ಗಳನ್ನು ಒಟ್ಟಿಗೆ ಕಲಕಿ ಮತ್ತೆ ಮತ್ತೆ ಹೋಲಿಸುವ ಕ್ಯೂಎಪಿ ಪರೀಕ್ಷೆಯನ್ನು ಅದಕ್ಕಾಗಿ ಕಲಿತೆ.

ಪ್ರಬಂಧದಲ್ಲಿ ಊರುಗಳ ಜಾಲದ ಚಿತ್ರವನ್ನು ಅಚ್ಚು ಹಾಕಬಾರದೆಂದು ತೀರ್ಮಾನಿಸಿದ್ದೇನೆ. ಹೆಸರು ಅಳಿಸಿದರೂ, ಎಲ್ಲ ಕಡೆಯಿಂದ ಕೈಸಾಲದ ಗೆರೆಗಳು ಬಂದು ಸೇರುವ ಒಂದು ಬಿಂದು ಯಾರ ಮನೆ ಎಂದು ಆ ಊರಿನ ಯಾರಾದರೂ ಹೇಳಬಲ್ಲರು, ಒಂದೂ ಗೆರೆಯಿಲ್ಲದೆ ಅಂಚಿನಲ್ಲಿ ನಿಂತ ಬಿಂದು ಯಾರದೆಂಬುದನ್ನೂ ಹೇಳಬಲ್ಲರು. ಯಾರ ಋಣದಲ್ಲಿ ಯಾರಿದ್ದಾರೆ ಎಂಬುದನ್ನು ನಮ್ಮನ್ನು ನಂಬಿ ಹೇಳಿದವರಿಗೆ ಅದರಿಂದ ತೊಂದರೆಯಾಗಬಾರದು. ಡಿಗ್ರಿಗಳ ಹಂಚಿಕೆ, ಪರಸ್ಪರತೆಯ (ಕೊಟ್ಟವರಿಂದ ತಿರುಗಿ ಪಡೆಯುವುದರ) ಪ್ರಮಾಣ ಮತ್ತು ಕ್ಯೂಎಪಿಯ ಫಲಿತಾಂಶಗಳನ್ನು ಕೋಷ್ಟಕಗಳಲ್ಲಿ ಕೊಡುತ್ತೇನೆ, ಹೆಸರು ಮತ್ತು ಸಂಕೇತಗಳನ್ನು ಜೋಡಿಸುವ ಪಟ್ಟಿಯನ್ನು ಲ್ಯಾಪ್‌ಟಾಪಿನಿಂದ ತೆಗೆದು ಬೇರೆ ಕಡೆ ಬೀಗ ಹಾಕಿ ಇಟ್ಟಿದ್ದೇನೆ.